ಅಜ್ಜನ ಎಡೆಗಿಟ್ಟ ಬ್ರೌನಿ

೨೦೨೪ರ ಅಕ್ಟೋಬರ್ ೨, ಬುಧವಾರ. ಬೆಳಿಗ್ಗೆ ಒಂಬತ್ತೂವರೆಗೆ ಒಲೆ ಹಚ್ಚಿದೆ. ಅಂದು ಮಹಾಲಯ ಅಮಾವಾಸ್ಯೆ, ನಮ್ಮ ಕಡೆಯ ಮಾತಿನಲ್ಲಿ ಹಿರಿಯರ ಹಬ್ಬ.

ಸತ್ತವರು ಬಂದು ಎಲೆಯ ಮೇಲಿಟ್ಟದ್ದನ್ನು ಉಣ್ಣುತ್ತಾರೆ ಎಂಬುದನ್ನು ನಾನು ಅಲ್ಲಿಯವರೆಗೆ ನಂಬಿರಲಿಲ್ಲ. ಈಗಲೂ ನಂಬುತ್ತೇನೆ ಎಂದು ಹೇಳಲಾರೆ. ಚಿತ್ರದುರ್ಗದ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿರುವವನು ನಾನು. ತೂಗುವುದು, ಅಳೆಯುವುದು, ದಿನಾಂಕ ಹಾಕಿ ಬರೆದಿಡುವುದು ಕೆಲಸದಿಂದ ಬಂದ ಅಭ್ಯಾಸ. ರಜೆಯಲ್ಲಿ ಮನೆಯಲ್ಲಿ ಕೇಕು, ಬಿಸ್ಕತ್ತು, ಬ್ರೌನಿ ಬೇಯಿಸುವಾಗಲೂ ಅದನ್ನು ಬಿಡುವುದಿಲ್ಲ. ಆದ್ದರಿಂದ ಆ ದಿನ ನಡೆದದ್ದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬ ಬಗ್ಗೆ ನನಗೆ ಗೊಂದಲವಿಲ್ಲ. ಗೊಂದಲ ಇರುವುದು ಬೇರೆ ಕಡೆ.

ನಮ್ಮ ಮನೆತನದ ಊರು ಮತ್ತೋಡಿನ ಹತ್ತಿರ. ಅಲ್ಲಿ ಅಜ್ಜಿ, ದೊಡ್ಡಪ್ಪ, ದೊಡ್ಡಮ್ಮ ಇದ್ದಾರೆ. ಅಜ್ಜ ತೀರಿಕೊಂಡು ಆಗ ಮೂರು ವರ್ಷವಾಗಿತ್ತು. ಅವರಿಗೆ ಭಂಗಿ ಸೊಪ್ಪಿನ, ಅಂದರೆ ಗಾಂಜಾದ, ಅಭ್ಯಾಸವಿತ್ತು. ಹರೆಯದಲ್ಲಿ ಯಾವುದೋ ಮಠದ ಸಾಧುಗಳ ಜೊತೆ ಅಲೆದಾಗ ಹತ್ತಿದ್ದಂತೆ. ಸಂಜೆ ದನ ಕಟ್ಟಿದ ಮೇಲೆ ಬೆಲ್ಲದಲ್ಲಿ ಕಲಸಿದ ಒಂದು ಸಣ್ಣ ಉಂಡೆ ಬಾಯಿಗೆ ಹಾಕಿಕೊಂಡು ಜಗಲಿಯ ಮೇಲೆ ಸುಮ್ಮನೆ ಕೂರುತ್ತಿದ್ದರು. ಜಗಳವಿಲ್ಲ, ಗಲಾಟೆಯಿಲ್ಲ. ಕೊನೆಯ ವರ್ಷಗಳಲ್ಲಿ ಹಲ್ಲೆಲ್ಲ ಉದುರಿದ ಮೇಲೆ ನಾನು ತಂದುಕೊಡುತ್ತಿದ್ದ ಬ್ರೌನಿಯೂ ಅವರಿಗೆ ಹಿಡಿಸಿತ್ತು. ಅದನ್ನು ‘ಕರೇ ಮಿಠಾಯಿ’ ಎನ್ನುತ್ತಿದ್ದರು.

ಹಿರಿಯರ ಹಬ್ಬದ ಕ್ರಮ ಗೊತ್ತಿಲ್ಲದವರಿಗೆ ಎರಡು ಮಾತು. ತೀರಿಕೊಂಡವರಿಗೆ ಏನು ಇಷ್ಟವಿತ್ತೋ ಅದನ್ನೆಲ್ಲ ನಡುಮನೆಯಲ್ಲಿ ಬಾಳೆ ಎಲೆಯ ಮೇಲೆ ಬಡಿಸಿಡುತ್ತೇವೆ. ಅದೇ ಎಡೆ. ಬೀಡಿ ಸೇದುತ್ತಿದ್ದವರಿಗೆ ಬೀಡಿ, ನಶ್ಯ ಏರಿಸುತ್ತಿದ್ದವರಿಗೆ ನಶ್ಯ. ಆಮೇಲೆ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಂಡು ಜಗಲಿಯ ಮೇಲೆ ಕೂರಬೇಕು. ಹಿರಿಯರು ಬಂದು ಉಂಡು ಹೋಗಲು ಅಷ್ಟು ಹೊತ್ತು. ಒಳಗೆ ಹೋಗುವ ಮುಂಚೆ ಮನೆಯ ಹಿರಿಯರು ಕೆಮ್ಮಿ ಸದ್ದು ಮಾಡುತ್ತಾರೆ. ಅಲ್ಲಿಯವರೆಗೆ ಉಪವಾಸ. ಆಮೇಲೆ ಎಡೆಯಲ್ಲಿದ್ದದ್ದನ್ನು ಮನೆಯವರೆಲ್ಲ ಹಂಚಿಕೊಂಡು ಉಣ್ಣುತ್ತಾರೆ.

ಮೊದಲೆರಡು ವರ್ಷ ಅಜ್ಜಿ ಅಜ್ಜನ ಎಲೆಗೆ ಭಂಗಿಯ ಉಂಡೆಯನ್ನೇ ಇಟ್ಟಿದ್ದರು. ಬಾಗಿಲು ತೆರೆದ ಕೂಡಲೇ ತಾವೇ ಮೊದಲು ಒಳಗೆ ಹೋಗಿ ಅದನ್ನೆತ್ತಿ ತಿಪ್ಪೆಗೆ ಹಾಕಿ ಬರುತ್ತಿದ್ದರು. ಆ ವರ್ಷ ತೊಡಕಾಯಿತು. ದೊಡ್ಡಪ್ಪನ ಮಗಳು ಶೋಭಕ್ಕ, ಅವಳ ಐದು ವರ್ಷದ ಮಗ ಮನು, ಜೊತೆಗೆ ಇದೇ ಮೊದಲ ಸಲ ರಜೆ ಸಿಕ್ಕಿದೆಯೆಂದು ಭಾವ, ಮೂವರೂ ಹಿರಿಯೂರಿನಿಂದ ಬಂದಿದ್ದರು. ಭಾವ ಪೊಲೀಸ್ ಪೇದೆ. ಅಳಿಯನ ಎದುರಿಗೆ ಎಲೆಯ ಮೇಲೆ ಗಾಂಜಾ ಇಟ್ಟುಕೊಂಡು ಕೂರಲಾಗುತ್ತದೆಯೇ ಎಂದು ದೊಡ್ಡಮ್ಮ ಹಿಂದಿನ ದಿನವೇ ತಕರಾರು ತೆಗೆದರು. ಅಜ್ಜಿ ಜಗ್ಗಲಿಲ್ಲ.

“ನಿಮ್ಮಜ್ಜ ಬಂದು ಎಲೆ ನೋಡ್ತಾನೆ. ಅದಿಲ್ಲ ಅಂದ್ರೆ ಹೊಟ್ಟೆ ಹಸ್ಕಂಡೇ ಎದ್ದು ಹೋಗ್ತಾನೆ. ಯಾರು ಪಾಪ ಹೊತ್ಕಳಾರು?”

ಹಸಿರು ಉಂಡೆ ಕಣ್ಣಿಗೆ ಬೀಳುತ್ತದೆ, ಬ್ರೌನಿಯೊಳಗೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ ಎಂದು ಸೂಚಿಸಿದವನು ನಾನೇ. ಅಜ್ಜನ ಹಳೆಯ ಸಂಚಿಯಲ್ಲಿ ಒಣಗಿದ ಸೊಪ್ಪು ಉಳಿದಿತ್ತು. ಅದನ್ನು ಹೇಗೆ ಬೆರೆಸಿದೆ, ಎಷ್ಟು ಹಾಕಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಯಾರೂ ಮಾಡಿ ನೋಡಬಾರದು. ಅದು ತುಪ್ಪದಲ್ಲಿ ಸೇರಿತ್ತು, ಹಿಟ್ಟನ್ನು ಚೆನ್ನಾಗಿ ಕಲಸಿದ್ದೆ ಎಂಬುದಷ್ಟೇ ಮುಖ್ಯ. ಹಳ್ಳಿಯಲ್ಲಿ ಓವನ್ ಇಲ್ಲ. ಕುಕ್ಕರಿನ ತಳಕ್ಕೆ ಉಪ್ಪು ಹಾಸಿ, ಮೊದಲು ಮನೆಮಂದಿಗಾಗಿ ಬರಿಯ ಬ್ರೌನಿಯನ್ನು ದುಂಡು ಡಬ್ಬಿಯಲ್ಲಿ ಬೇಯಿಸಿದೆ. ಆಮೇಲೆ ಅಜ್ಜನದನ್ನು ಒಂದು ಚೌಕ ಟಿಫಿನ್ ಡಬ್ಬಿಯಲ್ಲಿ ಬೇಯಿಸಿದೆ. ಅದನ್ನು ಸರಿಯಾಗಿ ಎರಡು ತುಂಡು ಮಾಡಿದೆ. ಒಂದು ಎಡೆಗೆ. ಅದು ಮುರಿದರೆ ಇರಲಿ ಎಂದು ಇನ್ನೊಂದನ್ನು ಅಡುಗೆಮನೆಯ ಮೇಲಿನ ಹಲಗೆಯ ಮೇಲೆ ತಟ್ಟೆ ಮುಚ್ಚಿ ಇಟ್ಟೆ. ಅಜ್ಜಿಗೂ ದೊಡ್ಡಮ್ಮನಿಗೂ ವಿಷಯ ಗೊತ್ತಿತ್ತು. ದೊಡ್ಡಪ್ಪನಿಗೆ ಹೇಳಿರಲಿಲ್ಲ, ಅವರ ಬಾಯಲ್ಲಿ ಮಾತು ನಿಲ್ಲುವುದಿಲ್ಲ.

ದೊಡ್ಡಪ್ಪ ಬೆಳಿಗ್ಗೆಯಿಂದ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಕಾಡುತ್ತಿದ್ದರು. “ಲೇ, ಮದ್ವೆ ಆಗ ವಯಸ್ಸಿಗೆ ಕೇಕ್ ಬೇಯಿಸ್ಕಂಡು ಕುಂತೀಯಲ್ಲೋ. ನಿಂಗೆ ಹೆಣ್ಣು ಕೊಡಾರು ಗಂಡು ನೋಡಾಕೆ ಬರಲ್ಲ, ಪಾರ್ಸಲ್ ಕಟ್ಟಿಸ್ಕಳಾಕೆ ಬರ್ತಾರೆ.” ಅವರ ಸಿಟ್ಟಿಗೆ ಹಸಿವೆಯೂ ಕಾರಣವಾಗಿತ್ತು. ಗಾಂಧಿ ಜಯಂತಿಯಾದ್ದರಿಂದ ಮದ್ಯದಂಗಡಿಗಳು ಮುಚ್ಚಿರುತ್ತವೆಂದು, ತೀರಿಹೋದ ಚಿಕ್ಕಜ್ಜನ ಎಡೆಗೆ ಬೇಕಾದ ಬಾಟಲಿಯನ್ನು ಹಿಂದಿನ ದಿನವೇ ತಂದಿಟ್ಟಿದ್ದರು, ಅದನ್ನೂ ಮುಟ್ಟುವಂತಿರಲಿಲ್ಲ.

ಒಂದು ಗಂಟೆಗೆ ಎಡೆ ಇಟ್ಟಾಯಿತು. ಅಜ್ಜನ ಎಲೆಯ ಬಲಮೂಲೆಯಲ್ಲಿ ಚೌಕ ತುಂಡನ್ನು ನಾನೇ ಇಟ್ಟೆ. ಎಲ್ಲರೂ ಜಗಲಿಗೆ ಬಂದೆವು. ಬಾಗಿಲು ಹಾಕಿಕೊಂಡೆವು. ಹಿತ್ತಲ ಬಾಗಿಲಿಗೆ ಒಳಗಿನಿಂದ ಅಗುಳಿ ಇತ್ತು, ನೋಡಿದ್ದೆ. ಕಾಲು ಗಂಟೆ ಕೂತೆವು. ದೊಡ್ಡಪ್ಪ ಯಾವತ್ತಿನಂತೆ ಮಾತಾಡಲಿಲ್ಲ, ಕಂಬಕ್ಕೆ ಒರಗಿ ಬೀದಿ ನೋಡುತ್ತಿದ್ದರು. ಅಜ್ಜಿ ಕೆಮ್ಮಿ ಬಾಗಿಲು ತೆರೆದರು.

ಇಲ್ಲಿ ನಾವು ಲೆಕ್ಕ ತಪ್ಪಿದ್ದೆವು. ಉಂಡೆಯಾಗಿದ್ದಾಗ ಮಕ್ಕಳು ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಈಗ ಅದು ಬ್ರೌನಿ. ಅಜ್ಜಿ ಹೊಸ್ತಿಲಿಗೆ ಕೈಮುಗಿದು ಬಗ್ಗಿ ಏಳುವಷ್ಟರಲ್ಲಿ ಮನು ಅವರ ಪಕ್ಕದಿಂದ ನುಸುಳಿ ಒಳಗೆ ಓಡಿದ್ದ. ನಾನು ಹೋಗಿ ನೋಡಿದಾಗ ಎಲೆಯ ಮೂಲೆ ಖಾಲಿ. ಅವನ ಬಾಯಿ ತುಂಬಿತ್ತು. ಬೆರಳು ಹಾಕಿ ತೆಗೆಯಲು ನೋಡಿದೆ, ಅಷ್ಟರಲ್ಲಿ ನುಂಗಿಬಿಟ್ಟ.

“ಹೆಂಗಿತ್ತೋ?” ಎಂದು ಕೇಳಿದೆ. ಆ ಹೊತ್ತಿನಲ್ಲಿ ಯಾಕೆ ಹಾಗೆ ಕೇಳಿದೆನೋ ತಿಳಿಯದು.

“ಸಪ್ಪೆ” ಎಂದ. “ಮಾಮ, ಸಕ್ರೆ ಹಾಕಿಲ್ಲ ನೀನು.”

ಎಲೆಯ ಮೇಲೆ ನಾಲ್ಕಾರು ಪುಡಿ ಉಳಿದಿತ್ತು. ತುಂಡು ಬದಲಾಗಿರಬಹುದೇನೋ ಎಂಬ ಆಸೆಯಿಂದ ಅದನ್ನು ನಾಲಿಗೆಗೆ ಹಚ್ಚಿಕೊಂಡೆ. ಭಂಗಿಯ ಕಹಿ ಇರಲಿಲ್ಲ. ಸಿಹಿಯೂ ಇರಲಿಲ್ಲ. ಕೋಕೋದ ವಾಸನೆ ಕೂಡ ಇಲ್ಲ. ನೆನೆದ ರಟ್ಟನ್ನು ಅಗಿದ ಹಾಗಿತ್ತು. ಬದಲಾಗಿರಲು ಸಾಧ್ಯವೂ ಇರಲಿಲ್ಲ. ದುಂಡು ಡಬ್ಬಿಯ ತುಂಡುಗಳಿಗೆಲ್ಲ ಒಂದು ಅಂಚು ಬಾಗಿತ್ತು, ನಾನಿಟ್ಟದ್ದು ನೇರ ಅಂಚಿನದು. ಬರಿಯ ಬ್ರೌನಿಯೇ ಆಗಿದ್ದರೂ ಸಪ್ಪೆಯಾಗಿರಬಾರದಿತ್ತು.

ಶೋಭಕ್ಕನಿಗೆ ಹೇಳಿದೆ. ಅವಳು ಬಯ್ಯಲಿಲ್ಲ, ಮಗುವನ್ನು ಎತ್ತಿಕೊಂಡು ಕಾರಿನ ಕಡೆ ನಡೆದಳು. ದೊಡ್ಡಮ್ಮ ಅಡ್ಡ ಬಂದು, ಆಸ್ಪತ್ರೆಯಲ್ಲಿ ಏನೋ ತಿಂದಿದೆ ಎಂದಷ್ಟೇ ಹೇಳಿ, ಗಾಂಜಾದ ಹೆಸರು ಹೇಳಿದರೆ ಅಳಿಯಂದಿರ ನೌಕರಿಗೆ ಕುತ್ತು ಬರುತ್ತದೆ ಎಂದು ಬೇಡಿಕೊಂಡರು. ಭಾವ ಆಗಲೇ ಕಾರಿನ ಬಾಗಿಲು ತೆಗೆದಿದ್ದರು.

“ನೌಕ್ರಿ ಹೋದ್ರೆ ಹೋಗ್ಲಿ ಬಿಡ್ರಿ ಅತ್ತೆ,” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ನೀನು ಮುಂದ್ಗಡೆ ಕುಂತ್ಕ. ಏನು ಹಾಕಿದ್ದೆ, ಎಷ್ಟು ಹಾಕಿದ್ದೆ, ಒಂದೂ ಮುಚ್ಚಿಡ್ದಂಗೆ ಡಾಕ್ಟ್ರಿಗೆ ಹೇಳ್ಬೇಕು.”

ಹೊಸದುರ್ಗದವರೆಗೂ ಶೋಭಕ್ಕ ಮಗನನ್ನು ನಿದ್ದೆಗೆ ಬಿಡಲಿಲ್ಲ. ಹಾದಿಯಲ್ಲಿ ಕಂಡ ಎಮ್ಮೆಗಳನ್ನು ಎಣಿಸು ಎಂದಳು. ಅವನು ಎಣಿಸಿದ. ಸಾಕಾಗಿ, ಅಮ್ಮಾ ನಿಂಗೆ ಎಣಿಸೋಕೆ ಬರಲ್ವಾ ಎಂದು ಕೇಳಿದ. ಅವಳು ನಗಲಿಲ್ಲ.

ಆಸ್ಪತ್ರೆಯಲ್ಲಿ ಎಲ್ಲವನ್ನೂ ಹೇಳಿದೆ. ವೈದ್ಯರು ಮಗುವಿನ ಕಣ್ಣು, ನಾಡಿ, ಉಸಿರು ನೋಡಿದರು. ಸೊಪ್ಪು ಹಳೆಯದು, ಶಕ್ತಿ ಕಳೆದುಕೊಂಡಿರಬಹುದು, ಆದರೂ ಚಿಕ್ಕ ಮಗು, ಬೆಳಗಿನವರೆಗೆ ಇಲ್ಲೇ ಇರಲಿ ಎಂದರು. ಹಳೆಯ ಸೊಪ್ಪು ಎಂಬ ಮಾತು ಕೇಳಿ ನನಗೆ ಜೀವ ಬಂದಂತಾಯಿತು. ಆ ಸಮಾಧಾನ ಹೆಚ್ಚು ಹೊತ್ತು ಉಳಿಯಲಿಲ್ಲ. ದೊಡ್ಡಮ್ಮನ ಫೋನ್ ಬಂತು.

ದೊಡ್ಡಪ್ಪ ಜಗಲಿಯ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಬಿಡುತ್ತಿಲ್ಲವಂತೆ. ಜಗಲಿ ಓಡುತ್ತಿದೆ, ಹೊಸದುರ್ಗ ಬಂತೇ ಎಂದು ಹೋಗಿ ಬರುವವರನ್ನು ಕೇಳುತ್ತಿದ್ದಾರಂತೆ. ಬಾಯಿ ಒಣಗಿದೆ, ಎದೆ ಹೊಡೆದುಕೊಳ್ಳುತ್ತಿದೆ ಎಂದು ಅಳುತ್ತಿದ್ದಾರಂತೆ. ಅಡುಗೆಮನೆಯ ಮೇಲಿನ ಹಲಗೆ ನೋಡಿ ಎಂದೆ. ತಟ್ಟೆಯ ಕೆಳಗೆ ಏನೂ ಇರಲಿಲ್ಲ. ಹನ್ನೆರಡರ ಸುಮಾರಿಗೆ ಹಸಿವು ತಡೆಯಲಾರದೆ, ಉಪವಾಸ ಮುರಿದದ್ದು ಯಾರಿಗೂ ಗೊತ್ತಾಗಬಾರದೆಂದು, ಅವರು ಆ ತುಂಡನ್ನು ಕದ್ದು ತಿಂದಿದ್ದರು.

ಪಕ್ಕದ ಮನೆಯವರು ಅವರನ್ನೂ ಅದೇ ಆಸ್ಪತ್ರೆಗೆ ಕರೆತಂದರು. ಮಂಚ ಹತ್ತಲು ಒಪ್ಪಲಿಲ್ಲ, ಮಂಚಕ್ಕೆ ಗಾಲಿ ಇದೆಯಲ್ಲ ಎಂದರು. ನನ್ನ ಕೈಹಿಡಿದು, “ಲೇ, ಬ್ರೇಕ್ ಹಾಕ್ಸೋ, ನಾನು ಇಲ್ಲೇ ಇಳ್ಕಂತೀನಿ” ಎಂದು ಬೇಡಿದರು. ಎರಡು ಮಂಚ ಆಚೆ ಮನು ನರ್ಸಮ್ಮನ ಪೆನ್ನಿನಲ್ಲಿ ಅಂಗೈ ಮೇಲೆ ಗಡಿಯಾರ ಬರೆದುಕೊಳ್ಳುತ್ತಿದ್ದ. ವೈದ್ಯರು ಒಬ್ಬರನ್ನು ನೋಡಿ, ಇನ್ನೊಬ್ಬನನ್ನು ನೋಡಿ, ಇಬ್ಬರೂ ತಿಂದದ್ದು ಒಂದೇ ಡಬ್ಬಿಯದೇ ಎಂದು ನನ್ನನ್ನು ಮತ್ತೊಮ್ಮೆ ಕೇಳಿದರು. ಹೌದೆಂದೆ. ಒಂದೇ ಡಬ್ಬಿ, ಒಂದೇ ಗಾತ್ರ. ಎಂಬತ್ತು ಕಿಲೋ ತೂಕದ ಮನುಷ್ಯನನ್ನು ಹೀಗೆ ಮಾಡಿದ್ದು ಹದಿನೇಳು ಕಿಲೋದ ಮಗುವಿಗೆ ಏನು ಮಾಡಬೇಕಿತ್ತು ಎಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಶೋಭಕ್ಕ ಗಳಿಗೆಗೊಮ್ಮೆ ಮಗನ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದಳು.

ಏನೂ ಆಗಲಿಲ್ಲ. ಮನು ಯಾವತ್ತಿನ ಹೊತ್ತಿಗೆ ನಿದ್ದೆ ಮಾಡಿದ. ನರ್ಸಮ್ಮ ನಡುನಡುವೆ ಎಬ್ಬಿಸಿ ನೋಡಿದಾಗ ರೇಗಿದ. ಬೆಳಿಗ್ಗೆ ಎದ್ದು ಇಡ್ಲಿ ಕೇಳಿದ. ದೊಡ್ಡಪ್ಪ ಮಾತ್ರ ಮರುದಿನ ಸಂಜೆಯವರೆಗೂ ಗೋಡೆ ಹಿಡಿದು ನಡೆದರು. ಭಾವನ ನೌಕರಿಗೆ ತೊಂದರೆ ಬರಲಿಲ್ಲ. ಠಾಣೆಗೆ ವಿಚಾರಣೆಗೆ ಕರೆದಾಗ ನಾನೂ ಹೋಗಿ ನಡೆದದ್ದನ್ನು ಬರೆದುಕೊಟ್ಟು ಬಂದೆ.

ಊರಿಗೆ ಮರಳಿದಾಗ ಅಜ್ಜಿ ಹೊಸ್ತಿಲಲ್ಲೇ ಕೂತಿದ್ದರು. ಮಗುವನ್ನು ಮಡಿಲಿಗೆ ಎಳೆದುಕೊಂಡು ತಲೆ ನೇವರಿಸಿದರು.

“ಅವ್ರು ಬಂದು ಸಾರ ಉಂಡು ಹೋಗ್ತಾರೆ. ಎಲೆ ಮ್ಯಾಲೆ ಉಳಿಯಾದು ಬರೀ ಸಿಪ್ಪೆ. ನಿಮ್ಮಜ್ಜ ಮಗೀಗೆ ಒಂದು ಚೂರೂ ಬಿಟ್ಟಿಲ್ಲ.”

“ಹಂಗಂತ ನಂಬ್ಕಂಡು ಮನೇಲೇ ಕುಂತಿದ್ರೆ, ಅಜ್ಜಿ?” ಎಂದಳು ಶೋಭಕ್ಕ.

ಹಿಟ್ಟಿನಲ್ಲಿ ತುಪ್ಪ ಒಂದು ಬದಿಗೇ ಹೆಚ್ಚು ಸೇರಿರಬಹುದು ಎಂದು ವೈದ್ಯರು ಹೇಳಿದ್ದರು. ಅದು ಒಪ್ಪುವಂಥ ಮಾತು. ಚಿತ್ರದುರ್ಗಕ್ಕೆ ಬಂದ ಮೇಲೆ ಅದೇ ಡಬ್ಬಿ, ಅದೇ ಅಳತೆಯಲ್ಲಿ, ಭಂಗಿಯ ಬದಲು ತುಪ್ಪದಲ್ಲಿ ಕರಗುವ ಬಣ್ಣ ಹಾಕಿ, ಕೋಕೋ ಬಿಟ್ಟು ಬೇಯಿಸಿ ನೋಡಿದೆ. ಮೂರು ಸಲ ಮಾಡಿದೆ. ಮೂರು ಸಲವೂ ಬಣ್ಣ ಎರಡೂ ಬದಿಗೆ ಒಂದೇ ಸಮ ಹರಡಿತ್ತು. ಬಣ್ಣ ಹರಡಿದ ಹಾಗೆಯೇ ಭಂಗಿಯೂ ಹರಡಬೇಕೆಂದೇನೂ ಇಲ್ಲ, ಅದು ನನಗೆ ಗೊತ್ತು. ಆದರೆ ಸಕ್ಕರೆ ಎಲ್ಲಿ ಹೋಯಿತು? ಗಾಬರಿಯಲ್ಲಿ ನನ್ನ ನಾಲಿಗೆ ಕೆಟ್ಟಿತ್ತು ಎಂದುಕೊಳ್ಳೋಣ. ಮನುವಿಗೆ ಗಾಬರಿ ಇರಲಿಲ್ಲ, ಅವನಿಗೆ ಏನೂ ಗೊತ್ತೇ ಇರಲಿಲ್ಲ. ಎಡೆಯ ಹೋಳಿಗೆ, ಪಾಯಸವನ್ನು ಆ ಗಡಿಬಿಡಿಯಲ್ಲಿ ಯಾರೂ ರುಚಿ ನೋಡಲಿಲ್ಲ. ದೊಡ್ಡಮ್ಮ ಎಲ್ಲವನ್ನೂ ಒಟ್ಟಿಗೆ ದನಕ್ಕೆ ಹಾಕಿಬಿಟ್ಟಿದ್ದರು. ಅದೊಂದು ಉಳಿದಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲವೇನೋ.

ಮರುವರ್ಷದ ಹಬ್ಬಕ್ಕೆ ಸಂಚಿ ಇರಲಿಲ್ಲ, ಅಜ್ಜಿಯೇ ಸುಟ್ಟಿದ್ದರು. ಬರಿಯ ಬ್ರೌನಿ ಇಟ್ಟೆವು. ಬಾಗಿಲು ತೆರೆದ ಮೇಲೆ ನಾನೇ ಮೊದಲು ತಿಂದೆ. ಸಿಹಿಯೇ ಇತ್ತು. ಶೋಭಕ್ಕ ಮಗನನ್ನು ಕರೆತಂದಿರಲಿಲ್ಲ.

ಅವಳು ನನ್ನ ಜೊತೆ ಮಾತು ಬಿಟ್ಟಿಲ್ಲ. ಆದರೆ ಮನು ಒಂದು ದಿನ ಹೆಚ್ಚು ಹೊತ್ತು ಮಲಗಿದರೆ, ಶಾಲೆಯಲ್ಲಿ ಪಾಠ ಮರೆತರೆ, ಸುಮ್ಮನೆ ಕಿಟಕಿ ನೋಡುತ್ತ ಕೂತರೆ ನನಗೆ ಫೋನ್ ಮಾಡುತ್ತಾಳೆ. ಪ್ರತಿ ಸಲವೂ ಒಂದೇ ಪ್ರಶ್ನೆ. “ಅವತ್ತು ಅದು ಇವನ ಮೈಗೆ ಹೋಯ್ತೋ, ಇಲ್ವೋ? ಅಷ್ಟು ಹೇಳು ಸಾಕು.” ಹೋಗಿಲ್ಲ ಎಂದರೆ ಹೇಗೆ ಗೊತ್ತು ಎನ್ನುತ್ತಾಳೆ. ಹೋಗಿರಬಹುದು, ಏನೂ ಆಗಲಿಲ್ಲವಲ್ಲ ಎಂದರೆ ಅಳುತ್ತಾಳೆ. ವೈದ್ಯರು ಎರಡು ಸಲ ನೋಡಿ ಹುಡುಗ ಚೆನ್ನಾಗಿದ್ದಾನೆ ಎಂದಿದ್ದಾರೆ. ಅದು ಅವಳ ಪ್ರಶ್ನೆಗೆ ಉತ್ತರವಲ್ಲ ಎಂಬುದು ನನಗೂ ಗೊತ್ತು.

ಎಡೆಗೆ ಇಟ್ಟ ಪದಾರ್ಥ ಬಾಗಿಲು ತೆರೆದ ಮೇಲೆ ರುಚಿ ಕಳೆದುಕೊಂಡದ್ದನ್ನು ನಿಮ್ಮಲ್ಲಿ ಯಾರಾದರೂ ನಿಮ್ಮ ನಾಲಿಗೆಯಿಂದಲೇ ಕಂಡಿದ್ದರೆ ದಯವಿಟ್ಟು ಬರೆಯಿರಿ. ಒಂದೇ ಡಬ್ಬಿಯ ಎರಡು ತುಂಡು ಇಷ್ಟು ಬೇರೆಯಾಗಲು ಕಾರಣ ಬಲ್ಲ ವಿಜ್ಞಾನದವರಿದ್ದರೆ ಅವರೂ ಬರೆಯಿರಿ. ಕೇಳಿದ್ದು ಬೇಡ, ಕಂಡದ್ದು ಇರಲಿ. ಬಂದದ್ದನ್ನೆಲ್ಲ ಶೋಭಕ್ಕನಿಗೆ ಓದಿ ಹೇಳುತ್ತೇನೆ.