ಕೌದಿಯ ಹೊಟ್ಟೆ

ನನ್ನ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕೊಪ್ಪಳದ ಪ್ರೌಢಶಾಲೆಯೊಂದರಲ್ಲಿ ಹೊಲಿಗೆ ಶಿಕ್ಷಕಿಯಾಗಿದ್ದ ನನ್ನನ್ನು ಹತ್ತನೇ ತರಗತಿಯ ಪ್ರಾಕ್ಟಿಕಲ್ ಪರೀಕ್ಷೆಗೆ ಪರೀಕ್ಷಕಿಯಾಗಿ ಯಲಬುರ್ಗಾ ಕಡೆಯ ಒಂದು ಹಳ್ಳಿಗೆ ಕಳಿಸಿದರು. ನಮ್ಮಲ್ಲಿ ಕರೆಂಟಿನ ಮಷೀನುಗಳಿದ್ದವು. ಅಲ್ಲಿದ್ದುದು ಕಾಲಿನಿಂದ ತುಳಿಯುವ ಎರಡು, ಅದರಲ್ಲೊಂದಕ್ಕೆ ಬೆಲ್ಟಿಲ್ಲ. ಅಂಕದ ಹಾಳೆ ಮಾತ್ರ ಎಲ್ಲರಿಗೂ ಒಂದೇ. ಅದೇ ನ್ಯಾಯವೆಂದು ನಾನೂ ನಂಬಿದ್ದೆ.

"ಹುಲಿಗೆಮ್ಮನ ಕೆಲಸ ಒಂಚೂರು ನೋಡ್ರಿ ಮೇಡಂ," ಎಂದರು ಅಲ್ಲಿನ ಶಿಕ್ಷಕರು. "ಎ ಗ್ರೇಡ್ ಬಂದ್ರ ಕೊಪ್ಪಳದಾಗ ಉಡುಪು ತಯಾರಿಕೆ ಕೋರ್ಸಿಗೆ ಹಾಸ್ಟೆಲ್ ಸಮೇತ ಸೀಟು ಸಿಗತೈತಿ. ಇಲ್ಲಾಂದ್ರ ಆಕಿ ಓದು ಇಲ್ಲಿಗೇ ಮುಗೀತು."

ಶಿಫಾರಸು ಎಂದರೆ ನನಗೆ ಮೂಗಿನ ತುದಿಯಲ್ಲೇ ಕೋಪ.

ಹುಲಿಗೆಮ್ಮ ತಂದಿದ್ದು ಹಳೆ ಸೀರೆಯ ತುಂಡುಗಳನ್ನು ಸೇರಿಸಿ ಕೈಯಲ್ಲೇ ಹೊಲಿದ ಕೂಸಿನ ಕೌದಿ. ಹೊಲಿಗೆ ನೂಲು ಹಿಡಿದಂತೆ ನೇರ. ಆದರೆ ನಟ್ಟನಡುವಿನ ತೇಪೆಯ ಮೂರು ಬದಿ ಹೊಲಿದು, ನಾಲ್ಕನೆಯದನ್ನು ಹಾಗೇ ಬಿಟ್ಟಿದ್ದಳು.

"ಇದನ್ನ ಮುಚ್ಚವ್ವ, ಇನ್ನೂ ಹೊತ್ತೈತಿ," ಎಂದೆ.

"ಈಗ ಮುಚ್ಚಂಗಿಲ್ರಿ ಅಕ್ಕೋರ."

ತಲೆ ತಗ್ಗಿಸಿ ನಿಂತಳು. ಯಾಕೆ ಎಂದು ನಾನು ಕೇಳಲಿಲ್ಲ. ಹಟಮಾರಿ ಎಂದುಕೊಂಡು, ಫಿನಿಶಿಂಗ್ ಕಾಲಮ್ಮಿನಲ್ಲಿ ಸೊನ್ನೆ ಬರೆದೆ.

ಬಸ್‌ಸ್ಟಾಪಿನಲ್ಲಿ ಅವಳ ಅಜ್ಜಿ ಸಿಕ್ಕಿ ಮೊಮ್ಮಗಳ ಕೆಲಸ ಹೇಗಿತ್ತೆಂದು ಕೇಳಿದಳು. ತೇಪೆಯ ವಿಷಯ ಹೇಳಿದೆ. ಮುದುಕಿ ನಕ್ಕಳು.

"ಅದು ಕೌದಿ ಹೊಟ್ಟಿ ರೀ. ಗಂಗಾವತ್ಯಾಗ ನಮ್ಮ ಹಿರೇ ಮೊಮ್ಮಗಳು ಹಡದಾಳ, ಆ ಕೂಸಿನ ಕೌದಿ ಅದು. ಅವರ ಮನಿಗೆ ಒಯ್ದು, ಹೋಳಿಗಿ ತುಣುಕು ಒಳಗಿಟ್ಟು ಮುಚ್ಚತೀವಿ. ಹಸದ ಕೌದಿ ಹೊಚ್ಚಿದ್ರ ಕೂಸಿಗೆ ನಿದ್ದಿ ಹೆಂಗ ಹತ್ತತೈತಿ?"

ಬಂದ ಬಸ್ಸನ್ನು ಬಿಟ್ಟುಬಿಟ್ಟೆ. ಹಾಗೇ ಶಾಲೆಗೆ ಮರಳಿದೆ. ಅಷ್ಟರಲ್ಲಿ ಅಂಕಗಳು ಆನ್‌ಲೈನಿನಲ್ಲಿ ಸೇರಿಹೋಗಿದ್ದವು. ಕಚೇರಿಗೆ ಎರಡು ಪತ್ರ ಬರೆದೆ. ತಿದ್ದಲು ಅವಕಾಶವಿಲ್ಲ ಎಂಬ ಉತ್ತರ ಬಂತು. ನಾಲ್ಕು ಅಂಕ ಕಡಿಮೆ ಬಿದ್ದು ಅವಳಿಗೆ ಬಿ ಗ್ರೇಡ್ ಆಯಿತು. ಸೀಟು ಸಿಕ್ಕಿದ್ದು ನಮ್ಮದೇ ಶಾಲೆಯ ಹುಡುಗಿಗೆ. ಅವಳು ತಂದುಕೊಟ್ಟ ಪೇಢೆಯನ್ನು ಮೇಜಿನ ಮೇಲೇ ಬಿಟ್ಟು ಬಂದೆ.

ತಿಳಿಯದ್ದನ್ನು ಕಂಡಾಗ ಯಾಕೆ ಎಂದು ಕೇಳಬೇಕು. ಮೂವತ್ತು ವರ್ಷದ ನೌಕರಿ ನನಗೆ ಕಲಿಸಿದ್ದು ಅಷ್ಟೇ, ಅದೂ ತಡವಾಗಿ.

ನಿವೃತ್ತಿಯಾದ ಮೇಲೆ ನನಗೂ ಮೊಮ್ಮಗಳು ಹುಟ್ಟಿದಳು. ಹುಲಿಗೆಮ್ಮನ ನಂಬರು ಹುಡುಕಿ ಒಂದು ಕೌದಿ ಬೇಕೆಂದೆ. ತಿಂಗಳೊಳಗೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಬಂತು. ನಡುವಿನ ತೇಪೆ ತೆರೆದೇ ಇತ್ತು.

"ಹೋಳಿಗಿ ಇಟ್ಟು ನೀವ ಮುಚ್ರಿ ಅಕ್ಕೋರ, ನಿಮಗ ಬರತೈತಲ್ಲ," ಎಂದಳು ಫೋನಿನಲ್ಲಿ.

"ನೀನ ಬಾರವ್ವ. ಉಂಡು, ಮುಚ್ಚಿ ಹೋಗುವಂತಿ."

"ಬರ್ತೀನ್ರಿ," ಎಂದಳು.

ಮೊಮ್ಮಗಳು ಈಗ ನಡೆಯುತ್ತಾಳೆ. ಕೌದಿ ಇನ್ನೂ ಹೊಟ್ಟೆ ತೆರೆದುಕೊಂಡೇ ಕಪಾಟಿನಲ್ಲಿದೆ. ಹೋಳಿಗೆ ಮಾಡಿದ ದಿನ, ಯಲಬುರ್ಗಾ ಬಸ್ಸಿನ ಹೊತ್ತಿಗೆ, ನಾನು ಬಾಗಿಲಿಗೆ ಬಂದು ನಿಲ್ಲುತ್ತೇನೆ.