ಸಾತವ್ವ ನರಳಿದರೆ ನರ್ಸುಗಳಿಗೆ ಪಾಠ

ಹುಕ್ಕೇರಿ, 2005. ಬೆಳಗಿನ ಐದೂವರೆ. ನರ್ಸಿಂಗ್ ಶಾಲೆಯ ಕಂಪ್ಯೂಟರ್ ಕೋಣೆಯಿಂದ ನರಳುವ ದನಿ ಕೇಳುತ್ತಿದೆ. ‘ಯವ್ವಾ, ಟೊಂಕಾ ಮುರದಂಗ ಆಗಾಕತ್ತೈತ್ರಿ...’ ಗಾಬರಿಯಿಂದ ಒಳಗೆ ಓಡಿದರೆ, ಐವತ್ತಾರರ ಸಾತವ್ವ ಮೈಕಿನ ಮುಂದೆ ಆರಾಮಾಗಿ ಕೂತಿದ್ದಾರೆ. ಪಕ್ಕದಲ್ಲಿ ಕಂಪ್ಯೂಟರ್ ಶಿಕ್ಷಕ ಪ್ರತೀಕ. ಸದ್ದಾಗದಿರಲೆಂದು ಫ್ಯಾನು ಬಂದ್. ‘ಮುಗೀತೇನ್ರಿ ಸರ? ಕಸಾ ಹೊಡೀಬೇಕ್ರಿ’ ಎಂದು ಸಾತವ್ವ ಪೊರಕೆ ಹಿಡಿದು ಏಳುತ್ತಾರೆ.

ಹೌದು, ಅವರು ಇಲ್ಲಿ ಕಸ ಗುಡಿಸುವವರು. ಹದಿನಾಲ್ಕು ವರ್ಷಗಳಿಂದ ಹತ್ತರಗಿಯ ಮೊದಲ ಬಸ್ಸಿಗೆ ಬರುತ್ತಾರೆ. ಗಂಡ ತೀರಿಕೊಂಡಾಗ ಕಿರಿಮಗಳಿಗೆ ಎಂಟು ತಿಂಗಳು. ಕಬ್ಬಿನ ಗದ್ದೆಯಲ್ಲಿ ಕಳೆ ಕಿತ್ತು ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದರು. ‘ಸಾಲಿ ಕಟ್ಟಿ ಹತ್ತಿದ್ದು ಇಲ್ಲಿ ಕೆಲಸಕ್ಕ ಬಂದಾಗನರಿ’ ಎಂದು, ಎಂದೂ ಶಾಲೆಗೆ ಹೋಗದ ಅವರು ನಗುತ್ತಾರೆ.

ಎರಡು ವರ್ಷದ ಹಿಂದೆ ಶಾಲೆಗೆ ಎರಡು ಹಳೆಯ ಕಂಪ್ಯೂಟರುಗಳು ಬಂದವು, ಜೊತೆಗೊಂದು ಹೆರಿಗೆ ಪಾಠದ ಸಿ.ಡಿ. ಚಿತ್ರಗಳು ಚೆಂದ. ಆದರೆ ಅದರಲ್ಲಿ ರೋಗಿ ಎಂಬವಳು ಒಬ್ಬಳೂ ಬಾಯಿ ಬಿಡುವುದಿಲ್ಲ!

ಹೋದ ವರ್ಷ ಫಕೀರವ್ವ ಎಂಬ ಅತ್ತೆ ಬಾಣಂತಿ ಸೊಸೆಯನ್ನು ಟೆಂಪೋದಲ್ಲಿ ಶಾಲೆಗೆ ಸೇರಿದ ಆಸ್ಪತ್ರೆಗೆ ತಂದರು. ‘ಬಾಯಾರ, ಕೂಸು ಹುಟ್ಟಿ ತಾಸಾತು, ಕಸಾ ಬಿದ್ದಿಲ್ರಿ!’ ಬಾಗಿಲಲ್ಲಿದ್ದವಳು ಮಂಡ್ಯದ ಕಡೆಯ ವಿದ್ಯಾರ್ಥಿನಿ ಅನುರಾಧಾ. ನೆಲ ನೋಡಿ ಅಂದಳು: ‘ಹೂನಮ್ಮ, ಈಗ್ತಾನೆ ಗುಡಿಸವ್ರೆ.’

ಈ ಕಡೆ ಹೆರಿಗೆಯ ನಂತರ ಬೀಳಬೇಕಾದ ಮಾಸಿಗೆ ಕಸ ಎನ್ನುತ್ತಾರೆ. ಅದು ಬೀಳದಿದ್ದರೆ ತಾಯಿಯ ಜೀವಕ್ಕೇ ಸಂಚಕಾರ. ಮಾತು ಕೇಳಿದ ಸಾತವ್ವ ಪೊರಕೆ ಬಿಸಾಡಿ ಡಾಕ್ಟರ ಬಳಿ ಓಡಿದರು. ಸೊಸೆ ಬದುಕಿದಳು.

ಪ್ರತೀಕ ಮರುದಿನವೇ ಮೈಕು ತಂದರು. ಈಗ ಕಂಪ್ಯೂಟರಿನಲ್ಲಿ ಸಾತವ್ವನ ದನಿಯ ಅರವತ್ನಾಲ್ಕು ಪಾಠಗಳಿವೆ. ಮೂವತ್ತು ಹುಡುಗಿಯರು ಹೆಡ್‌ಫೋನ್ ಹಾಕಿಕೊಂಡು ಸರದಿಯಂತೆ ಕೇಳಿ, ಏನು ತೊಂದರೆಯೆಂದು ಉತ್ತರ ಒತ್ತಬೇಕು. ತಪ್ಪಾದರೆ ಸಾತವ್ವ ಮತ್ತೆ ನರಳುತ್ತಾರೆ. ‘ಮೊದಲನೇ ಪಾಠ ನನ್ನ ತಪ್ಪಿನದೇ. ನಾಚ್ಕೆ ಆಯ್ತದೆ, ಆದ್ರೆ ಇನ್ನು ಸಾಯೋಗಂಟ ಮರೆಯಕಿಲ್ಲ’ ಎನ್ನುತ್ತಾಳೆ ಅನುರಾಧಾ.

ಮುಂದಿನ ವಾರ ಈ ಪಾಠಗಳು ಬೇರೆ ಹನ್ನೊಂದು ತರಬೇತಿ ಕೇಂದ್ರಗಳಿಗೆ ಹೊರಡುತ್ತಿವೆ, ಸಾತವ್ವನ ದನಿಯಲ್ಲೇ. ಅದು ಸುಲಭಕ್ಕೆ ಆದದ್ದಲ್ಲ. ಪರಿಶೀಲನೆಗೆ ಬಂದ ಸಮಿತಿಯವರಿಗೆ ಭಾಷೆ ಒರಟೆನಿಸಿತ್ತು. ಓದಿದವರೊಬ್ಬರಿಂದ ಶುದ್ಧ ಕನ್ನಡದಲ್ಲಿ ಮತ್ತೆ ಹೇಳಿಸಿ ಎಂದರು. ಮೂಲೆಯಲ್ಲಿ ನಿಂತಿದ್ದ ಸಾತವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದರು.

‘ಬ್ಯಾರೇದವ್ರನ್ನ ಕರೀರಿ ಸಾಹೇಬ್ರ, ನಂದೇನ ಇಲ್ಲ. ಆದ್ರ ಹಡಿಯೂ ಹೊತ್ತಿನ್ಯಾಗ ನಮ್ಮ ಹೆಂಗಸ್ರು ಅಷ್ಟ ಶುದ್ಧ ಮಾತಾಡೂದಿಲ್ರಿ.’