ಹೆಸರಿಲ್ಲದ ಆರ್ಡರು

ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನ ಗೇಟಿನೆದುರು ಯೆರ್ಕಾಳ ಕ್ಯಾಂಟೀನಿತ್ತು. ಲಾಕೌಟ್ ಆಗಿ ಕಂಪನಿ ನಮ್ಮನ್ನು ಹೊರಗಿಟ್ಟ ವರ್ಷ ಬಂದರಿನ ಕೆಲಸಗಾರರಾದ ನಾವು ಅಲ್ಲೇ ಡ್ರಮ್ಮಿನಲ್ಲಿ ಬೆಂಕಿ ಹಾಕಿಕೊಂಡು ಕೂತಿದ್ದೆವು. ಒಳಗೆ ನುಗ್ಗುವ ಲಾರಿಗಳಿಗೆ ಬೈದು ಬೈದು ಗಂಟಲು ಹರಿದಿತ್ತು. ಆ ದಿನಗಳ ಬಗ್ಗೆ ಈಗ ಭಾಷಣ ಮಾಡುವವರು ಬಾವುಟದ ಮಾತಾಡುತ್ತಾರೆ. ನನಗೆ ನೆನಪಿರುವುದು ಆ ಕ್ಯಾಂಟೀನಿನ ಬೆಳ್ಳುಳ್ಳಿ ವಾಸನೆ.

ಮಧ್ಯಾಹ್ನವಾದರೆ ಯೆರ್ಕಾ ಹೆಸರು ಹಾಕದೆ ಒಂದು ಚೀಟಿ ಬರೆದು ಒಲೆಯ ಕಡೆ ಕೂಗುತ್ತಿದ್ದಳು. ಆ ತಟ್ಟೆ ಕೌಂಟರಿನ ಮೂಲೆಗೆ ಹೋಗುತ್ತಿತ್ತು. ಕೈಯಲ್ಲಿ ಕಾಸಿಲ್ಲದವರು ತಿನ್ನಬೇಕು. ಯಾರು, ಏಕೆ ಎಂದು ಯಾರೂ ಕೇಳುವಂತಿಲ್ಲ. ಕ್ರೇನ್ ಓಡಿಸುತ್ತಿದ್ದ ಬ್ರಯರ್ಲಿ ಒಮ್ಮೆ ಆ ತಟ್ಟೆ ಉಂಡು, ಅವಳೆದುರು ಟೋಪಿ ತೆಗೆದು ನಿಂತುಬಿಟ್ಟ.

“ಏನೋ, ಉಪಕಾರ ಹೇಳೋಕ್ ಬಂದ್ಯಾ? ತಟ್ಟೆ ತೊಳ್ದಿಟ್ಟು ಹೋಗು!” ಎಂದಳು ಯೆರ್ಕಾ.

ತಟ್ಟೆ ಹೊರುತ್ತಿದ್ದವಳು ಅವಳ ಮಗಳು ನಿವೆಸ್. “ಈ ಲಾಕೌಟ್ ಮುಗಿದ್ಮೇಲಾದ್ರೂ ಸ್ನಾನ ಮಾಡ್ತೀರಾ, ಇಲ್ಲ ಅದಕ್ಕೂ ಯೂನಿಯನ್ ಮೀಟಿಂಗ್ ಆಗ್ಬೇಕಾ?” ಎಂದು ಛೇಡಿಸುತ್ತಲೇ ಬಡಿಸುತ್ತಿದ್ದಳು. ನಾವು ಗೆದ್ದೆವೋ ಸೋತೆವೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಹೊಟ್ಟೆ ಮಾತ್ರ ಬರಿದಾಗಿರಲಿಲ್ಲ.

ಯೆರ್ಕಾ ತೀರಿಹೋದಳು. ಮಗ ಯೋಷ್ಕೊ ಕ್ಯಾಂಟೀನನ್ನು ರೆಸ್ಟೋರೆಂಟ್ ಮಾಡಿದ. ಚೀಟಿ ಹೋಗಿ ಕಂಪ್ಯೂಟರ್ ಪರದೆ ಬಂತು, ಮೂಲೆ ಮಾತ್ರ ಉಳಿಯಿತು. ಮಧ್ಯಾಹ್ನವಾದರೆ ಅವನೂ ಆ ಪರದೆಯಲ್ಲಿ ಹೆಸರಿಲ್ಲದ ಒಂದು ಆರ್ಡರು ಒತ್ತುತ್ತಿದ್ದ. ಹೋಟೆಲುಗಳಲ್ಲಿ ತಟ್ಟೆ ಹೊತ್ತು ಹೊತ್ತು ನಿವೆಸ್‌ಳ ಮಂಡಿ ಸವೆದವು. ಸಂಜೆ ಕ್ಲಾಸಿನಲ್ಲಿ ಕಂಪ್ಯೂಟರ್ ಕಲಿತು, ಪರ್ತ್‌ನ ಒಂದು ಕಂಪನಿಯ ಆರ್ಡರ್ ಸಾಫ್ಟ್‌ವೇರಿಗೆ ವಿವರಣೆ ಬರೆಯುವ ಕೆಲಸ ಹಿಡಿದಳು. ತಮ್ಮನ ರೆಸ್ಟೋರೆಂಟಿನ ಕಿಟಕಿ ಪಕ್ಕದ ಮೇಜೇ ಅವಳ ಆಫೀಸು.

ಈಗ ಇಂಥ ಊಟದ ಅಂಗಡಿಗಳಲ್ಲಿ ಎಐ ಏಜೆಂಟು ಎಂಬ ಕಂಪ್ಯೂಟರ್ ಸಹಾಯಕ ಆರ್ಡರು ತೆಗೆದುಕೊಳ್ಳುತ್ತದೆ, ಬೇಡವಾದದ್ದನ್ನು ತೆಗೆದುಹಾಕುತ್ತದೆ. ತೆಗೆದುಹಾಕಲು ಅದಕ್ಕೊಂದು ಸಲಕರಣೆ ಕೊಟ್ಟಿರುತ್ತಾರೆ. ಅದನ್ನು ಯಾವಾಗ ಬಳಸಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಜೊತೆಗೆ ಬರೆದಿಟ್ಟ ನಾಲ್ಕು ಸಾಲಿನಿಂದ ಅದಕ್ಕೆ ತಿಳಿಯಬೇಕು. ಆ ಸಾಲು ಬರೆದವಳು ನಿವೆಸ್: “ಗಿರಾಕಿಯ ಹೆಸರು, ಟೇಬಲ್ ಎರಡೂ ಇಲ್ಲದ ಆರ್ಡರು ಕೈತಪ್ಪಿ ಒತ್ತಿದ್ದು. ತೆಗೆದುಹಾಕಬಹುದು.”

ಬೇರೆ ಯಾರೇ ಆದರೂ ಹಾಗೇ ಬರೆಯುತ್ತಿದ್ದರು. ಆ ಮೂಲೆಗೆ ತಟ್ಟೆ ಹೊತ್ತವಳಿಗಾದರೂ ಗೊತ್ತಿರಬೇಕಿತ್ತು. ಆದರೆ ಅವಳ ಮನೆಯಲ್ಲಿ ಮೂಲೆಯ ತಟ್ಟೆಯನ್ನು ಯಾರೂ ಆರ್ಡರು ಎಂದು ಕರೆದದ್ದೇ ಇಲ್ಲ. “ಮೂಲೆ ಆಯ್ತಾ?” ಅಷ್ಟೇ ಮಾತು. ಬರೆಯುವಾಗ ಅದು ಅವಳ ತಲೆಗೇ ಹೊಳೆಯಲಿಲ್ಲ.

ಏಜೆಂಟಿನ ಮೊದಲ ಪರೀಕ್ಷೆ ಯೋಷ್ಕೊನ ಅಂಗಡಿಯಲ್ಲೇ ನಡೆಯಿತು. ಮಂಗಳವಾರ ಮಧ್ಯಾಹ್ನ ನಾನು ನಿವೆಸ್‌ಳ ಎದುರು ಕಾಫಿ ಕುಡಿಯುತ್ತ ಕೂತಿದ್ದೆ. ಕಸಗುಡಿಸುವ ಕಂಪನಿಯ ನೀಲಿ ಕೋಟು ತೊಟ್ಟ ಹೆಂಗಸೊಬ್ಬಳು ಬಂದಳು. ಕೆಲವು ವಾರಗಳಿಂದ ಮೂಲೆಯಲ್ಲಿ ಉಣ್ಣುತ್ತಿದ್ದವಳು. ಮೂಲೆ ಖಾಲಿ. ಗೋಡೆಯ ಮೆನು ಓದುವವಳಂತೆ ಒಂದು ಗಳಿಗೆ ನಿಂತಳು. ಚೀಲ ಹೆಗಲಿಗೇರಿಸಿ ಹೋಗಿಬಿಟ್ಟಳು.

ಮೂಲೆಯ ಆರ್ಡರನ್ನು ಏಜೆಂಟು ಪರದೆಯಿಂದ ಅಳಿಸಿಹಾಕಿತ್ತು. ಯೋಷ್ಕೊ ಸೌಟು ಹಿಡಿದೇ ಅಡುಗೆಮನೆಯಿಂದ ಹೊರಗೆ ಬಂದ. “ಅಕ್ಕಾ, ಅಮ್ಮನ ಮೂಲೇನೇ ಗುಡಿಸಿ ಹಾಕ್ತಲ್ಲೇ ನಿನ್ನ ಗಿಣಿ!”

“ಗಿಣೀನ ಯಾಕೋ ಬೈತೀಯ? ಹೇಳ್ಕೊಟ್ಟೋಳು ನಾನು.”

ಆಗಲೇ ನಿವೆಸ್ ತನ್ನ ಸಾಫ್ಟ್‌ವೇರ್ ಕಂಪನಿಯ ಲಾಕ್ಲನ್‌ಗೆ ಫೋನ್ ಹಚ್ಚಿ, ಸ್ಪೀಕರಿಗೆ ಹಾಕಿ, ಆದದ್ದು ಹೇಳಿದಳು. ಅವನು ನಕ್ಕ. “ಅಷ್ಟೇನಾ ನಿವೆಸ್? ಅದಕ್ಕೊಂದು ಹೆಸರು ಹಾಕ್ಬಿಡಿ. ‘ದಾನದ ಊಟ’ ಅಂತ. ಏಜೆಂಟು ಮುಟ್ಟಲ್ಲ.”

“ಆಮೇಲೆ ಗಿರಾಕಿಗಳೆಲ್ಲ ನೋಡೋ ಪರದೆ ಮೇಲೆ ‘ದಾನದ ಊಟ ರೆಡಿ’ ಅಂತ ಬರುತ್ತೆ. ನೀನಾದ್ರೆ ಎದ್ದು ಹೋಗಿ ತಗೋತೀಯೇನಪ್ಪ?”

“ಒಂದು ಅಂಗಡಿಗೋಸ್ಕರ ಎಲ್ಲರದ್ದೂ ಬದಲಾಯ್ಸೋಕಾಗಲ್ಲ.”

“ನಮ್ಮಂಗಡಿ ಬಿಡು. ಯಾವ ಹೋಟೆಲಲ್ಲಾದ್ರೂ ಕೆಲಸದವರು ತಿನ್ನೋ ಊಟಕ್ಕೆ ಹೆಸರು ಯಾರು ಹಾಕ್ತಾರೆ? ಹೆಸರಿಲ್ಲದ್ದೆಲ್ಲ ತಪ್ಪು ಅಂತ ನಾನು ಬರ್ದಿದ್ದೇ ಸುಳ್ಳು.”

ನಾನು ಬಾಯಿ ತೆರೆದೆ. “ನೀನು ಸುಮ್ನಿರು ಮಾರಾಯ, ಇದು ಬಂದರಿನ ಗೇಟಲ್ಲ,” ಎಂದು ನನ್ನನ್ನು ಕೂರಿಸಿದಳು.

ಲಾಕ್ಲನ್ ಗೊಣಗಿ ಒಪ್ಪಿದ. ಅವಳು ಬರೆದಳು: “ಹೆಸರಿಲ್ಲ ಎಂಬುದು ಆರ್ಡರು ತೆಗೆಯಲು ಕಾರಣವಲ್ಲ. ಒಲೆಯ ಬಳಿ ಇರುವವರನ್ನು ಕೇಳು. ಉತ್ತರ ಬಾರದಿದ್ದರೆ ಮುಟ್ಟಬೇಡ.”

ಮರುದಿನ ಹೆಸರಿಲ್ಲದ ಆರ್ಡರು ಇರಲೋ ತೆಗೆಯಲೋ ಎಂದು ಏಜೆಂಟು ಪರದೆಯ ಮೇಲೆ ಕೇಳಿತು. “ಇರ್ಲಿ ಬಿಡೋ ಅದು!” ಎಂದು ಗದರುತ್ತ ಯೋಷ್ಕೊ ಎಣ್ಣೆ ಬೆರಳಲ್ಲೇ ಒತ್ತಿದ. ಮೂಲೆಗೆ ತಟ್ಟೆ ಬಂತು. ನೀಲಿ ಕೋಟಿನ ಹೆಂಗಸು ಬರಲಿಲ್ಲ. ಗುರುವಾರವೂ ಇಲ್ಲ, ಶುಕ್ರವಾರವೂ ಇಲ್ಲ. ತಟ್ಟೆಯನ್ನು ಬೇರೆ ಯಾರೋ ಉಂಡರು.

ನಿವೆಸ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ತನ್ನನ್ನು ಬೇಡವೆಂದರು ಅಂದುಕೊಂಡೇ ಆ ಹೆಂಗಸು ಹೋಗಿದ್ದಾಳೆ. ಹುಡುಕೋಣವೆಂದರೆ ಹೆಸರು ಗೊತ್ತಿಲ್ಲ. ಹೆಸರು ಕೇಳುವುದಿಲ್ಲ ಎಂಬುದೇ ನಮ್ಮ ಹೆಚ್ಚುಗಾರಿಕೆಯಾಗಿತ್ತಲ್ಲ! ಸೋಮವಾರ ನನ್ನ ತೋಳು ಹಿಡಿದುಕೊಂಡು, ಕುಂಟುತ್ತ, ಬಸ್ ಸ್ಟಾಪಿನಿಂದ ಬಸ್ ಸ್ಟಾಪಿಗೆ ನಡೆದಳು. ರೈಲು ನಿಲ್ದಾಣದ ಎದುರಿನ ಬಸ್ ಸ್ಟಾಪಿನ ಬೆಂಚಿನಲ್ಲಿ ನೀಲಿ ಕೋಟು ಕಂಡಿತು. ನಿವೆಸ್ ಪಕ್ಕದಲ್ಲಿ ಕೂತಳು.

“ಅವತ್ತು ಮೂಲೆ ಖಾಲಿ ಇತ್ತಲ್ಲ, ಅದು ನನ್ ತಪ್ಪು. ಮೆಷಿನ್ನಿಗೆ ತಪ್ಪು ಬರ್ಕೊಟ್ಟಿದ್ದೆ.”

ಹೆಂಗಸು ರಸ್ತೆಯನ್ನೇ ನೋಡುತ್ತಿದ್ದಳು. “ನಾನು ಜಾಸ್ತಿ ದಿನ ಬಂದ್ಬಿಟ್ಟೆ ಅನ್ಕೊಂಡೆ.”

“ಆ ಲೆಕ್ಕ ಅಲ್ಲಿಲ್ಲ ಕಣಮ್ಮ. ಇವತ್ತು ಮೀನಿನ ಸಾರು ಮಾಡಿದಾನೆ ನನ್ ತಮ್ಮ.”

ಬಸ್ಸು ಬಂತು. ಹೆಂಗಸು ಎದ್ದಳು. “ಇವತ್ತು ಡ್ಯೂಟಿ ಇದೆ. ನಾಳೆ ಬರ್ತೀನಿ. ಉಪ್ಪು ಕಮ್ಮಿ ಹಾಕೋಕ್ ಹೇಳಿ ಅವ್ರಿಗೆ. ಬಾಯಿಗಿಡೋಕಾಗಲ್ಲ.”

ಬಾಗಿಲು ಮುಚ್ಚುವಷ್ಟರಲ್ಲಿ ನಿವೆಸ್ ಕೂಗಿದಳು: “ನೀವೇ ಬಂದು ಅವನ ಮುಖಕ್ಕೇ ಹೇಳಿ!”